ನಾಯಿಗಳಲ್ಲಿ ಅಡ್ರಿನಲ್ ಹಾರ್ಮೋನ್ ಕೊರತೆ: ಗುರುತಿಸುವ ಬಗೆ, ನಿಭಾಯಿಸುವ ಬಗೆ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಲ್ಯಾಬ್ರಡಾರ್ ಹೆಣ್ಣುನಾಯಿ ಗೌರಿಗೆ ನಾಲ್ಕು ವರ್ಷ ತುಂಬಿದ ಬೇಸಿಗೆಯಲ್ಲಿ, ಎರಡೇ ತಿಂಗಳೊಳಗೆ ಅವಳು ಮೂರು ಸಲ ಊಟ ಬಿಟ್ಟಳು. ಮೂರು ಸಲವೂ ಲಕ್ಷಣ ಒಂದೇ ಆಗಿತ್ತು. ಬೆಳಿಗ್ಗೆ ಹಳದಿ ನೊರೆಯ ವಾಂತಿ, ನೀರಾದ ಭೇದಿ, ಆಮೇಲೆ ಬಚ್ಚಲಮನೆಯ ಬಾಗಿಲಲ್ಲಿ ಮಲಗಿದವಳು ಕರೆದರೂ ಏಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿದರೆ ಮರುದಿನವೇ ಎದ್ದು ಗೇಟಿನ ತನಕ ಓಡುತ್ತಿದ್ದಳು. ಮೊದಲ ಸಲ ಅಜೀರ್ಣ ಎಂದರು, ಎರಡನೆಯ ಸಲ ಟಿಕ್ ಫೀವರ್ ಎಂದು ಮಾತ್ರೆ ಕೊಟ್ಟರು, ಮೂರನೆಯ ಸಲ ರಕ್ತದಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ ಏರಿದ್ದನ್ನು ತೋರಿಸಿ ಕಿಡ್ನಿ ಹೋಗಿದೆ, ಹೆಚ್ಚು ದಿನ ಇರುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅವಳ ಕಿಡ್ನಿ ಹೋಗಿರಲಿಲ್ಲ. ಅವಳ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು. ಬೇರೊಬ್ಬ ವೈದ್ಯರು ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ ಬರೆದುಕೊಟ್ಟ ಸಂಜೆಯೇ ಅದು ಗೊತ್ತಾಯಿತು. ಆ ಪರೀಕ್ಷೆಯನ್ನು ನಾವು ಮೊದಲ ಸಲವೇ ಕೇಳಿ ಮಾಡಿಸಬಹುದಿತ್ತು, ಕೇಳಬೇಕೆಂದು ನಮಗೆ ತಿಳಿದಿರಲಿಲ್ಲ. ಗೌರಿಗೆ ಈಗ ಒಂಬತ್ತು ವರ್ಷ. ಅದೇ ಸ್ಥಿತಿಯಲ್ಲಿರುವ ನಾಯಿಯನ್ನು ಎದುರಿಗೆ ಮಲಗಿಸಿಕೊಂಡು ಕುಳಿತಿರುವವರಿಗಾಗಿ, ನಾವು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಕಾಯಿಲೆ ಯಾವುದು

ಎರಡು ಮೂತ್ರಪಿಂಡಗಳ ಪಕ್ಕದಲ್ಲಿ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತದೆ. ನಾಯಿಯಲ್ಲಿ ಎಡಗಡೆಯ ಗ್ರಂಥಿ ನಮ್ಮ ಚಳ್ಳಕೆರೆ ಸೀಮೆಯ ಶೇಂಗಾಕಾಯಿಯ ಹಾಗೆ ನಡುವೆ ಸಣ್ಣಗಾಗಿ, ಎರಡು ತುದಿಗಳಲ್ಲಿ ಉಬ್ಬಿಕೊಂಡಿರುತ್ತದೆ. ಇಷ್ಟು ಸಣ್ಣ ಗ್ರಂಥಿಯ ಹೊರಪದರದಲ್ಲಿ ತಯಾರಾಗುವ ಎರಡು ಹಾರ್ಮೋನುಗಳು ಜೀವ ಹಿಡಿದಿಡುವಂಥವು. ಮೊದಲನೆಯದು ಆಲ್ಡೋಸ್ಟಿರೋನ್. ಸೋಡಿಯಂ ಅನ್ನು ಉಳಿಸಿಕೊಂಡು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುವಂತೆ ಮೂತ್ರಪಿಂಡಕ್ಕೆ ಹೇಳುವುದು ಇದೇ. ಎರಡನೆಯದಾದ ಕಾರ್ಟಿಸೋಲ್, ಭಯ, ನೋವು, ಕಾಯಿಲೆ, ಪ್ರಯಾಣ ಮುಂತಾದ ಒತ್ತಡಗಳು ಬಂದಾಗ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಬೀಳದಂತೆ ಹಿಡಿದಿಡುತ್ತದೆ, ಕರುಳಿನ ಒಳಪದರವನ್ನು ಕಾಯುತ್ತದೆ. ಹೆಚ್ಚಿನ ನಾಯಿಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಹೊರಪದರವನ್ನು ನಾಶಮಾಡುತ್ತದೆ. ಸುಮಾರು ಶೇಕಡಾ 90ರಷ್ಟು ಭಾಗ ಹಾಳಾಗುವವರೆಗೆ ಹೊರಗೆ ಸ್ಪಷ್ಟವಾಗಿ ಏನೂ ಕಾಣುವುದಿಲ್ಲ. ಮನುಷ್ಯರಲ್ಲಿ ಇದೇ ಕಾಯಿಲೆಯನ್ನು 1855ರಲ್ಲಿ ವಿವರಿಸಿದ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಅವರ ಹೆಸರಿನಿಂದ, ನಾಯಿಗಳಲ್ಲಿಯೂ ಇದನ್ನು ಅಡಿಸನ್ ಕಾಯಿಲೆ ಎಂದೇ ಕರೆಯುತ್ತಾರೆ.

ಎಳೆಯ ಹಾಗೂ ನಡುವಯಸ್ಸಿನ ನಾಯಿಗಳಲ್ಲಿ, ಅದರಲ್ಲೂ ಹೆಣ್ಣುನಾಯಿಗಳಲ್ಲಿ ಇದು ಹೆಚ್ಚು. ಸ್ಟ್ಯಾಂಡರ್ಡ್ ಪೂಡಲ್, ಗ್ರೇಟ್ ಡೇನ್, ರಾಟ್‌ವೀಲರ್ ಮೊದಲಾದ ತಳಿಗಳಲ್ಲಿ ಹೆಚ್ಚಾಗಿ ಕಂಡುಬಂದಿದ್ದರೂ, ಯಾವ ತಳಿಗೂ, ಬೀದಿಯಿಂದ ತಂದು ಸಾಕಿದ ನಾಟಿ ನಾಯಿಗೂ ಬರಬಹುದು. ತಳಿ ನೋಡಿ ಅನುಮಾನವನ್ನು ಕೈಬಿಡಬಾರದು.

ಹೆಜ್ಜೆ 1: ಕಾಯಿಲೆಯ ಏರಿಳಿತವನ್ನು ಬರೆದಿಡಿ

ಊಟ ಬಿಡುವುದು, ವಾಂತಿ, ಭೇದಿ, ತೂಕ ಇಳಿಯುವುದು, ನಡುಗುವುದು, ಹಿಂಗಾಲು ಸೋಲುವುದು, ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವುದು, ಕೆಲವೊಮ್ಮೆ ಮಲ ಟಾರಿನಂತೆ ಕಪ್ಪಾಗುವುದು, ಇವೇ ಲಕ್ಷಣಗಳು. ಇವುಗಳಲ್ಲಿ ಒಂದೂ ಅಡಿಸನ್ ಕಾಯಿಲೆಗೆ ಮಾತ್ರ ಸೇರಿದ್ದಲ್ಲ. ಹಳಸಿದ ಊಟದಿಂದಲೂ, ಜಂತುಹುಳದಿಂದಲೂ, ಉಣ್ಣಿ ಕಡಿತದ ಜ್ವರದಿಂದಲೂ ಇವೆಲ್ಲ ಬರುತ್ತವೆ. ಅಡಿಸನ್ ಕಾಯಿಲೆಯ ಗುಟ್ಟನ್ನು ಬಿಟ್ಟುಕೊಡುವುದು ಲಕ್ಷಣಗಳಿಗಿಂತ ಹೆಚ್ಚಾಗಿ ಅವು ಬಂದುಹೋಗುವ ರೀತಿ. ನಾಯಿ ಸೊರಗುತ್ತದೆ, ಡ್ರಿಪ್ ಅಥವಾ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಬಿದ್ದ ಕೂಡಲೇ ಚೇತರಿಸಿಕೊಳ್ಳುತ್ತದೆ, ಎರಡು ಮೂರು ವಾರಗಳಲ್ಲಿ ಮತ್ತೆ ಸೊರಗುತ್ತದೆ. ಮನೆಗೆ ನೆಂಟರು ಬಂದ ಮೇಲೆ, ದೂರದ ಪ್ರಯಾಣದ ಮೇಲೆ, ಪಟಾಕಿಯ ರಾತ್ರಿಯ ಮೇಲೆ ಸೊರಗಿದರೆ ಅನುಮಾನ ಇನ್ನೂ ಬಲವಾಗುತ್ತದೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಊಟ ಬಿಟ್ಟ ದಿನಾಂಕ, ಎಷ್ಟು ಸಲ ವಾಂತಿ, ಹಿಂದಿನ ಎರಡು ಮೂರು ದಿನಗಳಲ್ಲಿ ಮನೆಯಲ್ಲಿ ನಡೆದದ್ದು, ಕೊಟ್ಟ ಔಷಧ, ಎಷ್ಟು ಗಂಟೆಯಲ್ಲಿ ಚೇತರಿಸಿಕೊಂಡಿತು, ಆ ದಿನದ ತೂಕ, ಇಷ್ಟನ್ನು ಬರೆಯಿರಿ. ನಾವು ಮೂರು ಸಲ ಆಸ್ಪತ್ರೆಗೆ ಹೋದಾಗಲೂ ನೋಡಿದವರು ಬೇರೆ ಬೇರೆ ವೈದ್ಯರು. ಪ್ರತಿಯೊಬ್ಬರಿಗೂ ಗೌರಿ ಆ ದಿನ ವಾಂತಿ ಮಾಡಿಕೊಂಡ ನಾಯಿಯಾಗಿಯಷ್ಟೇ ಕಂಡಳು. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದು ತೋರಿಸಿದಾಗಲೇ ನಾಲ್ಕನೆಯ ವೈದ್ಯರು ತಲೆಯೆತ್ತಿ, "ಡ್ರಿಪ್ ಹಾಕಿದ ತಕ್ಷಣ ಸರಿಹೋಗ್ತಿದ್ಳಾ?" ಎಂದು ಕೇಳಿದರು.

ಹೆಜ್ಜೆ 2: ಮನೆಯಲ್ಲೇ ನಾಡಿ, ವಸಡು, ಮೈಬಿಸಿ ನೋಡಲು ಕಲಿಯಿರಿ

ನಾಯಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಹಿಂಗಾಲಿನ ತೊಡೆಯ ಒಳಭಾಗದಲ್ಲಿ, ಕಾಲು ಹೊಟ್ಟೆಗೆ ಸೇರುವ ಜಾಗಕ್ಕೆ ಸಮೀಪ, ಎರಡು ಬೆರಳುಗಳ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಹೆಬ್ಬೆರಳು ಬೇಡ, ಅದರಲ್ಲಿ ನಿಮ್ಮದೇ ನಾಡಿ ಗೊತ್ತಾಗಬಹುದು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸಾಮಾನ್ಯವಾಗಿ ವಾಂತಿ ಭೇದಿಯಿಂದ ಬಳಲಿ ನೀರು ಕಳೆದುಕೊಂಡ ನಾಯಿಯ ಹೃದಯ ವೇಗವಾಗಿ ಬಡಿದುಕೊಳ್ಳಬೇಕು. ಅಷ್ಟು ಸುಸ್ತಾದ ನಾಯಿಯ ನಾಡಿ ನಿಮಿಷಕ್ಕೆ 60ಕ್ಕಿಂತ ಕೆಳಗೆ ಇದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವನ್ನು ತಡೆಯುತ್ತಿರಬಹುದು. ಗೌರಿಯದು ಆ ದಿನ 48 ಇತ್ತು. ನಾಡಿ ಸಿಗದಿದ್ದರೆ ಎಡಗಡೆ ಮೊಣಕೈ ಎದೆಗೆ ತಾಗುವಲ್ಲಿ ಅಂಗೈಯಿಟ್ಟು ಬಡಿತ ಎಣಿಸಬಹುದು. ಆರೋಗ್ಯವಾಗಿರುವಾಗಲೇ ನಾಲ್ಕಾರು ದಿನ ಎಣಿಸಿ ನಿಮ್ಮ ನಾಯಿಯ ಎಂದಿನ ಲೆಕ್ಕವನ್ನು ತಿಳಿದುಕೊಂಡಿದ್ದರೆ ಆಪತ್ತಿನ ದಿನ ಗೊಂದಲವಾಗುವುದಿಲ್ಲ.

ಮೇಲಿನ ತುಟಿಯನ್ನೆತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಗುದದ್ವಾರದ ಉಷ್ಣಾಂಶ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಟಿಕ್ ಫೀವರ್‌ನಲ್ಲಿ ಅದು ಏರುವುದು ಹೆಚ್ಚು, ಅಡಿಸನ್ ಕುಸಿತದಲ್ಲಿ ಇಳಿಯುವುದು ಹೆಚ್ಚು. ಬೇಸಿಗೆಯ ಮಧ್ಯಾಹ್ನದಲ್ಲೂ ಕಿವಿ ಮತ್ತು ಪಾದ ತಣ್ಣಗಿದ್ದರೆ ಕಾಯುತ್ತ ಕೂರುವಂತಿಲ್ಲ, ಆ ಗಳಿಗೆಯಲ್ಲೇ ಹೊರಡಬೇಕು.

ಹೆಜ್ಜೆ 3: ಎಳನೀರು, ಓಆರ್‌ಎಸ್ ಕೊಡಬೇಡಿ

ಈ ಹೆಜ್ಜೆಯನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ನಾನು ಮಾಡಿದ ದೊಡ್ಡ ತಪ್ಪು ಇದೇ. ಸುಸ್ತಾದವರಿಗೆ ಎಳನೀರು ಕೊಡುವುದು ನಮ್ಮ ಕಡೆಯ ಮನೆಮನೆಯ ರೂಢಿ. ಹೊಸದುರ್ಗ, ಹಿರಿಯೂರು ಕಡೆಯಿಂದ ಬಂದ ಎಳನೀರು ದಾವಣಗೆರೆಯ ರಸ್ತೆಬದಿಯಲ್ಲೆಲ್ಲ ಸಿಗುತ್ತದೆ. ಗೌರಿ ಕುಸಿಯುವುದರ ಹಿಂದಿನ ರಾತ್ರಿ ನಾನು ಎರಡು ಎಳನೀರನ್ನು ಸಿರಿಂಜಿನಲ್ಲಿ ತುಂಬಿ ಸ್ವಲ್ಪ ಸ್ವಲ್ಪವಾಗಿ ಅವಳ ಬಾಯಿಗೆ ಬಿಟ್ಟಿದ್ದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ ಹೆಚ್ಚು, ಸೋಡಿಯಂ ಕಡಿಮೆ. ಪೊಟ್ಯಾಸಿಯಂ ಹೊರಹಾಕಲಾರದೆ, ಸೋಡಿಯಂ ಉಳಿಸಿಕೊಳ್ಳಲಾರದೆ ಒದ್ದಾಡುತ್ತಿರುವ ದೇಹಕ್ಕೆ ಅದು ತದ್ವಿರುದ್ಧವಾದ ಆಹಾರ. ಔಷಧ ಅಂಗಡಿಯ ಓಆರ್‌ಎಸ್ ಪುಡಿಯಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಾರಣ ತಿಳಿಯದೆ ಪದೇಪದೇ ಸೊರಗುತ್ತಿರುವ ನಾಯಿಗೆ ರಕ್ತಪರೀಕ್ಷೆ ಆಗುವವರೆಗೆ ಇವೆರಡನ್ನೂ, ಬಾಳೆಹಣ್ಣನ್ನೂ ದೂರವಿಡಿ. ಕುಡಿಯುವುದಾದರೆ ಬರಿಯ ನೀರು ಸಾಕು. ತಾನಾಗಿ ನುಂಗಲಾಗದ ನಾಯಿಯ ಬಾಯಿಗೆ ನೀರನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ.

ಹೆಜ್ಜೆ 4: ಸರಿಯಾದ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿ

ವೈದ್ಯರ ಮೇಜಿನ ಮುಂದೆ ಕುಳಿತಾಗ ವಿನಯದಿಂದ, ಆದರೆ ಸ್ಪಷ್ಟವಾಗಿ ಒಂದು ಮಾತು ಕೇಳಿ: "ಡಾಕ್ಟ್ರೇ, ಸೀರಮ್ ಎಲೆಕ್ಟ್ರೋಲೈಟ್ಸ್ ಒಂದು ನೋಡಿಬಿಡೋಣವೇ?" ರಕ್ತದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಇದು ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಅಪರೂಪದ ಪರೀಕ್ಷೆಯಲ್ಲ. ಮನುಷ್ಯರ ಪ್ರಯೋಗಾಲಯಗಳು ದಿನವೂ ಮಾಡುವಂಥದ್ದು. ಪಶುವೈದ್ಯರ ಬಳಿ ಯಂತ್ರವಿಲ್ಲದಿದ್ದರೆ ಅವರು ತೆಗೆದುಕೊಟ್ಟ ರಕ್ತವನ್ನು, ನಾಯಿಯದೆಂದು ಮೊದಲೇ ಹೇಳಿ, ಒಪ್ಪುವ ಪ್ರಯೋಗಾಲಯಕ್ಕೆ ತಡಮಾಡದೆ ಒಯ್ಯಬಹುದು.

ವರದಿ ಬಂದ ಮೇಲೆ ಸೋಡಿಯಂ ಅಂಕಿಯನ್ನು ಪೊಟ್ಯಾಸಿಯಂ ಅಂಕಿಯಿಂದ ಭಾಗಿಸಿ. ಆರೋಗ್ಯವಂತ ನಾಯಿಯಲ್ಲಿ ಈ ಅನುಪಾತ ಸಾಮಾನ್ಯವಾಗಿ 27ರಿಂದ 40ರ ನಡುವೆ ಇರುತ್ತದೆ. 27ಕ್ಕಿಂತ ಕಡಿಮೆಯಾದರೆ ಅಡಿಸನ್ ಕಾಯಿಲೆಯ ಅನುಮಾನ ಪಡಬೇಕು, 24ಕ್ಕಿಂತ ಕೆಳಗಿಳಿದರೆ ಅನುಮಾನ ಗಟ್ಟಿಯಾಗುತ್ತದೆ. ಗೌರಿಯ ವರದಿಯಲ್ಲಿ ಸೋಡಿಯಂ 122, ಪೊಟ್ಯಾಸಿಯಂ 7.4 ಇತ್ತು. ಭಾಗಿಸಿದರೆ ಹದಿನಾರೂವರೆ. ಆದರೆ ಈ ಅನುಪಾತ ದಾರಿ ತೋರಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಕರುಳಿನ ಚಾಟಿಹುಳು ಹೆಚ್ಚಾದಾಗ, ಮೂತ್ರದ ದಾರಿ ಕಟ್ಟಿದಾಗ, ಮೂತ್ರಪಿಂಡ ನಿಜವಾಗಿಯೇ ಕೆಟ್ಟಾಗಲೂ ಅಂಕಿಗಳು ಹೀಗೆ ಆಗಬಹುದು.

ಮೂತ್ರಪಿಂಡದ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಡಿಸನ್ ಕಾಯಿಲೆಯಲ್ಲಿ ಸೋಡಿಯಂ ಜೊತೆಗೆ ನೀರೂ ಸೋರಿಹೋಗಿ ರಕ್ತದೊತ್ತಡ ಬೀಳುತ್ತದೆ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಹರಿಯದೆ ಯೂರಿಯಾ, ಕ್ರಿಯಾಟಿನಿನ್ ಏರುತ್ತವೆ. ಸೋಡಿಯಂ ಕೊರತೆಯಿಂದಾಗಿ ಮೂತ್ರವೂ ಗಟ್ಟಿಯಾಗದೆ ತೆಳ್ಳಗೆ ಉಳಿಯುವುದರಿಂದ ಚಿತ್ರ ಥೇಟ್ ಕಿಡ್ನಿ ವೈಫಲ್ಯದಂತೆಯೇ ಕಾಣುತ್ತದೆ. ವ್ಯತ್ಯಾಸ ಇಷ್ಟೇ: ಅಡಿಸನ್ ನಾಯಿಗೆ ಸರಿಯಾಗಿ ದ್ರವ ಮತ್ತು ಹಾರ್ಮೋನ್ ಸಿಕ್ಕರೆ ಆ ಅಂಕಿಗಳು ಕೆಲವೇ ದಿನಗಳಲ್ಲಿ ಇಳಿದುಬಿಡುತ್ತವೆ. ಹಾಗಾಗಿ ಎಳೆಯ ಅಥವಾ ನಡುವಯಸ್ಸಿನ ನಾಯಿಗೆ ಕಿಡ್ನಿ ಹೋಗಿದೆ ಎಂದು ಯಾರಾದರೂ ಹೇಳಿದರೆ, ಆಸೆ ಬಿಡುವ ಮೊದಲು, ಅದರಲ್ಲೂ ದಯಾಮರಣದ ಮಾತು ಎತ್ತುವ ಮೊದಲು, ಪೊಟ್ಯಾಸಿಯಂ, ಸೋಡಿಯಂ ಮತ್ತು ಕಾರ್ಟಿಸೋಲ್ ನೋಡಿಸಿಯೇ ತೀರಬೇಕು. ಈ ಒಂದು ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿಯಾಗಲಾರೆ.

ಸಾಧಾರಣ ರಕ್ತಕಣಗಳ ಎಣಿಕೆಯಲ್ಲೂ ಒಂದು ಸುಳಿವು ಇರುತ್ತದೆ. ತೀವ್ರವಾಗಿ ಬಳಲುವ ನಾಯಿಯಲ್ಲಿ ಕಾರ್ಟಿಸೋಲ್ ಏರಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಳಿಯಬೇಕು. ಅಷ್ಟು ಕಾಯಿಲೆಯಿದ್ದೂ ಲಿಂಫೋಸೈಟ್ ಮೈಕ್ರೋಲೀಟರಿಗೆ 2,000ಕ್ಕಿಂತ ಮೇಲೆ ಉಳಿದಿದ್ದರೆ, ಕಾರ್ಟಿಸೋಲ್ ಏರಿಯೇ ಇಲ್ಲವೆಂದು ಅನುಮಾನಿಸಬಹುದು.

ಕೆಲವು ನಾಯಿಗಳಲ್ಲಿ ಕಾರ್ಟಿಸೋಲ್ ಮಾತ್ರ ಕೊರತೆಯಾಗಿ, ಸೋಡಿಯಂ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತವೆ. ಇಂಥ ನಾಯಿ ತಿಂಗಳುಗಟ್ಟಲೆ ಹೊಟ್ಟೆಯ ತೊಂದರೆಯಿಂದ ಒಣಗುತ್ತ ಹೋಗುತ್ತದೆ, ರಕ್ತದಲ್ಲಿ ಆಲ್ಬುಮಿನ್ ಮತ್ತು ಕೊಲೆಸ್ಟರಾಲ್ ಕಡಿಮೆಯಾಗಿರಬಹುದು. ಎಲೆಕ್ಟ್ರೋಲೈಟ್ಸ್ ಸರಿಯಿದೆ ಎಂದು ಅಲ್ಲಿಗೇ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಹೆಜ್ಜೆ 5: ಕಾಯಿಲೆಯನ್ನು ಖಚಿತಪಡಿಸಿಕೊಳ್ಳಿ

ಮೊದಲು ಸಾದಾ ಕಾರ್ಟಿಸೋಲ್ ಪರೀಕ್ಷೆ. ಪ್ರತಿ ಡೆಸಿಲೀಟರಿಗೆ 2 ಮೈಕ್ರೋಗ್ರಾಮಿಗಿಂತ ಹೆಚ್ಚಿದ್ದರೆ ಅಡಿಸನ್ ಕಾಯಿಲೆ ಇರುವ ಸಾಧ್ಯತೆ ತೀರಾ ಕಡಿಮೆ, ಬೇರೆ ಕಾರಣ ಹುಡುಕಬೇಕು. ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಆ ಮುಂದಿನ ಪರೀಕ್ಷೆಯೇ ಎಸಿಟಿಎಚ್ ಪ್ರಚೋದನಾ ಪರೀಕ್ಷೆ. ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುವ ಹಾರ್ಮೋನನ್ನು ಚುಚ್ಚುಮದ್ದಾಗಿ ಕೊಟ್ಟು, ಅದಕ್ಕೆ ಮೊದಲು ಒಮ್ಮೆ, ಕೊಟ್ಟ ಒಂದು ಗಂಟೆಯ ಮೇಲೆ ಇನ್ನೊಮ್ಮೆ ಕಾರ್ಟಿಸೋಲ್ ಅಳೆಯುತ್ತಾರೆ. ಆರೋಗ್ಯವಂತ ಗ್ರಂಥಿಯಾದರೆ ಎರಡನೆಯ ಅಂಕಿ ಜಿಗಿಯುತ್ತದೆ, ಸತ್ತ ಗ್ರಂಥಿಯಾದರೆ 2ಕ್ಕಿಂತ ಕೆಳಗೇ ಉಳಿಯುತ್ತದೆ. ಈ ಚುಚ್ಚುಮದ್ದು ನಮ್ಮ ಊರಿನಲ್ಲಿ ಕೈಗೆ ಸಿಗದಿದ್ದರೆ ವೈದ್ಯರು ಶಿವಮೊಗ್ಗದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬರೆದುಕೊಡಬಹುದು. ನಾಯಿ ಚೇತರಿಸಿಕೊಂಡು ಪ್ರಯಾಣ ತಡೆಯುವಂತಾದ ಮೇಲೆ ಹೋದರೆ ಸಾಕು.

ಒಂದು ಎಚ್ಚರಿಕೆ. ಪ್ರೆಡ್ನಿಸೋಲೋನ್ ಅಥವಾ ಹೈಡ್ರೋಕಾರ್ಟಿಸೋನ್ ಕೊಟ್ಟ ಮೇಲೆ ಕಾರ್ಟಿಸೋಲ್ ಅಳೆದರೆ ಯಂತ್ರ ಆ ಔಷಧವನ್ನೂ ಕಾರ್ಟಿಸೋಲ್ ಎಂದೇ ಎಣಿಸುತ್ತದೆ. ಡೆಕ್ಸಾಮೆಥಾಸೋನ್ ಹಾಗೆ ಲೆಕ್ಕ ಕೆಡಿಸುವುದಿಲ್ಲ. ಆದ್ದರಿಂದ ಸ್ಟೆರಾಯ್ಡ್ ಚುಚ್ಚುವ ಮೊದಲೇ ಒಂದು ಟ್ಯೂಬ್ ರಕ್ತ ತೆಗೆದಿಡುವಂತೆ ಕೇಳಿ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಪರೀಕ್ಷೆಗಾಗಿ ಚಿಕಿತ್ಸೆಯನ್ನು ಒಂದು ನಿಮಿಷವೂ ತಡಮಾಡಬಾರದು.

ಸ್ಟೆರಾಯ್ಡ್ ಥಟ್ಟನೆ ನಿಲ್ಲಿಸಿದಾಗ ಬರುವ ಕೊರತೆ

ಇದೇ ಕೊರತೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಚರ್ಮದ ಕೆರೆತಕ್ಕೆಂದು ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಮಾತ್ರೆ ತಿಂದ ಅಥವಾ ದೀರ್ಘಕಾಲ ಕೆಲಸ ಮಾಡುವ ಸ್ಟೆರಾಯ್ಡ್ ಇಂಜೆಕ್ಷನ್‌ಗಳನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡ ನಾಯಿಯ ಅಡ್ರಿನಲ್ ಗ್ರಂಥಿ ಕೆಲಸವಿಲ್ಲದೆ ಬಡವಾಗಿರುತ್ತದೆ. ಮಾತ್ರೆ ಮುಗಿಯಿತೆಂದು ಥಟ್ಟನೆ ನಿಲ್ಲಿಸಿದರೆ ನಾಯಿ ಊಟ ಬಿಟ್ಟು ಕುಸಿಯುತ್ತದೆ. ಇಲ್ಲಿ ಆಲ್ಡೋಸ್ಟಿರೋನ್‌ಗೆ ಧಕ್ಕೆಯಾಗಿರುವುದಿಲ್ಲವಾದ್ದರಿಂದ ಸೋಡಿಯಂ, ಪೊಟ್ಯಾಸಿಯಂ ಸರಿಯಿರುತ್ತವೆ. ವೈದ್ಯರು ಹೇಳಿದಂತೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಗ್ರಂಥಿ ಮತ್ತೆ ಚುರುಕಾಗುತ್ತದೆ. ಚೀಟಿಯಿಲ್ಲದೆ ಅಂಗಡಿಯಿಂದ ಸ್ಟೆರಾಯ್ಡ್ ತಂದು ಕೆರೆತ ಬಂದಾಗ ಕೊಟ್ಟು, ಕಡಿಮೆಯಾದಾಗ ಬಿಡುವ ಅಭ್ಯಾಸ ಯಾರಿಗಾದರೂ ಇದ್ದರೆ ದಯವಿಟ್ಟು ನಿಲ್ಲಿಸಿ, ಆದರೆ ನಿಲ್ಲಿಸುವುದನ್ನೂ ವೈದ್ಯರನ್ನು ಕೇಳಿಯೇ ಮಾಡಿ.

ಹೆಜ್ಜೆ 6: ಕುಸಿದು ಬಿದ್ದಾಗ

ನಾಯಿಯನ್ನು ಚಾದರದ ಮೇಲೆ ಮಲಗಿಸಿ, ಇಬ್ಬರು ಎರಡು ಕಡೆ ಹಿಡಿದು, ನಡೆಸದೆ ಎತ್ತಿಕೊಂಡು ಹೋಗಿ. ಮೈ ತಣ್ಣಗಿದ್ದರೆ ಹೊದಿಸಿ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ "ಅಡಿಸನ್ ಕುಸಿತ ಇರಬಹುದು" ಎಂದು ತಿಳಿಸಿ, ನೋಟ್‌ಬುಕ್ ಮತ್ತು ಹಳೆಯ ವರದಿಗಳನ್ನು ಜೊತೆಗೆ ಒಯ್ಯಿರಿ. ಅಲ್ಲಿ ಮೊದಲ ಔಷಧ ದ್ರವವೇ. ಸಾಮಾನ್ಯವಾಗಿ 0.9 ಶೇಕಡಾ ನಾರ್ಮಲ್ ಸಲೈನ್ ಅನ್ನು ರಕ್ತನಾಳಕ್ಕೆ ಹಾಕುತ್ತಾರೆ. ಸಕ್ಕರೆ ಇಳಿದಿದ್ದರೆ ಡೆಕ್ಸ್‌ಟ್ರೋಸ್, ಪೊಟ್ಯಾಸಿಯಂ ಹೃದಯವನ್ನು ಹಿಡಿದಿದ್ದರೆ ಇಸಿಜಿ ನೋಡುತ್ತ ಕ್ಯಾಲ್ಸಿಯಂ ಗ್ಲೂಕೋನೇಟ್, ಜೊತೆಗೆ ಸ್ಟೆರಾಯ್ಡ್ ಕೊಡುತ್ತಾರೆ. ಬಹಳ ಕೆಳಗಿಳಿದ ಸೋಡಿಯಂ ಅನ್ನು ಒಂದೇ ದಿನದಲ್ಲಿ ಪೂರ್ತಿ ಮೇಲೆತ್ತಿದರೆ ಮಿದುಳಿಗೆ ಹಾನಿಯಾಗಬಹುದಾದ್ದರಿಂದ ವೈದ್ಯರು ಅದನ್ನು ನಿಧಾನವಾಗಿ ಏರಿಸುತ್ತಾರೆ. ಇದಕ್ಕೆ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಅರ್ಧದಲ್ಲಿ ಚೇತರಿಸಿಕೊಂಡಿತೆಂದು ಮನೆಗೆ ಕರೆತರಬೇಡಿ, ಗೌರಿಯ ಮೊದಲ ಮೂರು ಸಲವೂ ನಾವು ಹಾಗೆಯೇ ಮಾಡಿದ್ದೆವು.

ಹೆಜ್ಜೆ 7: ದಿನದ ಔಷಧ

ಅಡಿಸನ್ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ದೇಹ ತಯಾರಿಸಲಾಗದ ಎರಡು ಹಾರ್ಮೋನುಗಳನ್ನು ಹೊರಗಿನಿಂದ ಕೊಡುತ್ತಿದ್ದರೆ ನಾಯಿ ಎಲ್ಲ ನಾಯಿಗಳಂತೆ ಓಡಾಡಿಕೊಂಡು ತನ್ನ ಪೂರ್ಣ ಆಯಸ್ಸು ಬದುಕಬಲ್ಲದು.

ಆಲ್ಡೋಸ್ಟಿರೋನ್ ಜಾಗಕ್ಕೆ ಫ್ಲೂಡ್ರೊಕಾರ್ಟಿಸೋನ್ ಮಾತ್ರೆ ಬರುತ್ತದೆ. ಇದು ಮನುಷ್ಯರ ಔಷಧ ಅಂಗಡಿಯಲ್ಲಿ 0.1 ಮಿ.ಗ್ರಾಂ. ಮಾತ್ರೆಯಾಗಿ ಸಿಗುತ್ತದೆ. ಆರಂಭದ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.01ರಿಂದ 0.02 ಮಿ.ಗ್ರಾಂ. ಎಂದರೆ 25 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ದಿನಕ್ಕೆ ಐದು ಮಾತ್ರೆಗಳವರೆಗೆ ಬೇಕಾಗಬಹುದು. ಇಷ್ಟೊಂದು ಮಾತ್ರೆಯೇ ಎಂದು ಅಂಗಡಿಯವರೇ ಅನುಮಾನಿಸುತ್ತಾರೆ, ಗಾಬರಿಯಾಗಬೇಡಿ. ಮನುಷ್ಯರಿಗಿಂತ ನಾಯಿಗಳಿಗೆ ಇದು ಹೆಚ್ಚು ಬೇಕು. ವಿದೇಶಗಳಲ್ಲಿ ಇದರ ಬದಲಿಗೆ ತಿಂಗಳಿಗೊಮ್ಮೆ ಡಿಒಸಿಪಿ ಎಂಬ ಚುಚ್ಚುಮದ್ದನ್ನು ಹೆಚ್ಚಾಗಿ ಬಳಸುತ್ತಾರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವಂಥದ್ದಲ್ಲ.

ಕಾರ್ಟಿಸೋಲ್ ಜಾಗಕ್ಕೆ ಪ್ರೆಡ್ನಿಸೋಲೋನ್, ದಿನಕ್ಕೆ ಪ್ರತಿ ಕಿಲೋಗೆ ಸುಮಾರು 0.1ರಿಂದ 0.2 ಮಿ.ಗ್ರಾಂ. ಅದೇ 25 ಕಿಲೋ ನಾಯಿಗೆ ಎರಡೂವರೆಯಿಂದ ಐದು ಮಿ.ಗ್ರಾಂ. ಆಗುತ್ತದೆ. ಫ್ಲೂಡ್ರೊಕಾರ್ಟಿಸೋನ್ ತಾನೇ ಸ್ವಲ್ಪ ಕಾರ್ಟಿಸೋಲ್ ಕೆಲಸವನ್ನೂ ಮಾಡುವುದರಿಂದ ಕೆಲವು ನಾಯಿಗಳಿಗೆ ಪ್ರೆಡ್ನಿಸೋಲೋನ್ ದಿನವೂ ಬೇಕಾಗದೆ ಇರಬಹುದು. ಈ ಅಂಕಿಗಳನ್ನು ಬರೆದಿರುವುದು ವೈದ್ಯರ ಚೀಟಿ ಅರ್ಥವಾಗಲೆಂದು, ನೀವೇ ಲೆಕ್ಕ ಹಾಕಿ ಕೊಡಲೆಂದಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿ ಇಂದಿಗೂ ನನ್ನನ್ನು ಕೇಳುತ್ತಾರೆ: "ಅಲ್ಲಮ್ಮಾ, ದಿನಾ ಸ್ಟೆರಾಯ್ಡ್ ಕೊಟ್ರೆ ನಾಯಿ ಉಳಿತೈತೇನು?" ಸ್ಟೆರಾಯ್ಡ್ ಎಂದರೆ ಜನರಿಗೆ ಭಯ, ಆ ಭಯಕ್ಕೆ ಕಾರಣವೂ ಇದೆ. ಆದರೆ ಇಲ್ಲಿ ಕೊಡುವುದು ಆರೋಗ್ಯವಂತ ನಾಯಿಯ ದೇಹ ತಾನೇ ತಯಾರಿಸುತ್ತಿದ್ದಷ್ಟನ್ನು ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಹೇಗೋ ಹಾಗೆ. ಈ ಭಯದಿಂದ ನಾಲ್ಕು ದಿನ ಮಾತ್ರೆ ನಿಲ್ಲಿಸಿ ನೋಡೋಣವೆಂದು ಹೊರಟರೆ ನಾಯಿ ಸಾಯಬಹುದು.

ಪ್ರಮಾಣ ಹೆಚ್ಚಾದರೂ ತಿಳಿಯುತ್ತದೆ. ನಾಯಿ ಬಿಡದೆ ಏದುಸಿರು ಬಿಡುತ್ತದೆ, ತಟ್ಟೆ ನೆಕ್ಕಿ ಮತ್ತೆ ಬೇಡುತ್ತದೆ, ರಾತ್ರಿ ಎರಡು ಸಲ ಮೂತ್ರಕ್ಕೆ ಎಬ್ಬಿಸುತ್ತದೆ. ಒಂದು ದಿನ ಅಳತೆಯ ಜಗ್ಗಿನಲ್ಲಿ ನೀರಿಟ್ಟು ನೋಡಿ. ಕಿಲೋಗೆ 100 ಮಿ.ಲೀ.ಗಿಂತ ಹೆಚ್ಚು ಕುಡಿದರೆ, 25 ಕಿಲೋ ನಾಯಿಗೆ ಎರಡೂವರೆ ಲೀಟರ್ ದಾಟಿದರೆ, ವೈದ್ಯರಿಗೆ ಹೇಳಿ ಪ್ರೆಡ್ನಿಸೋಲೋನ್ ಇಳಿಸಿಕೊಳ್ಳಬೇಕು. ಪ್ರೆಡ್ನಿಸೋಲೋನ್ ತಿನ್ನುವ ನಾಯಿಗೆ ಮೆಲಾಕ್ಸಿಕಾಮ್‌ನಂಥ ನೋವಿನ ಔಷಧ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದೆಂಬುದನ್ನೂ ನೆನಪಿಡಿ.

ನಾನು ಮಾತ್ರೆಯನ್ನು ರಾಗಿ ಮುದ್ದೆಯ ಸಣ್ಣ ಉಂಡೆಯೊಳಗಿಟ್ಟು ಕೊಡುತ್ತೇನೆ. ಮೊದಲು ಒಂದು ಬರೀ ಉಂಡೆ, ಆಮೇಲೆ ಮಾತ್ರೆಯಿರುವುದು, ಕೊನೆಗೆ ಮತ್ತೊಂದು ಬರೀ ಉಂಡೆ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೆ ನುಂಗುತ್ತಾಳೆ. ಕನಿಷ್ಠ ಒಂದು ತಿಂಗಳ ಮಾತ್ರೆಯನ್ನು ಹೆಚ್ಚಾಗಿ ಇಟ್ಟುಕೊಂಡಿರಿ. ಫ್ಲೂಡ್ರೊಕಾರ್ಟಿಸೋನ್ ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ, ತರಿಸಿಕೊಡಲು ಕೆಲವು ದಿನ ಬೇಕಾಗುತ್ತದೆ. ಊಟದ ಉಪ್ಪಿನ ವಿಷಯದಲ್ಲಿ ವೈದ್ಯರು ಹೇಳಿದಂತೆ ನಡೆಯಿರಿ, ಉಪ್ಪು ಹೆಚ್ಚಿಸಿದ ಮಾತ್ರಕ್ಕೆ ಮಾತ್ರೆ ಬಿಡುವಂತಿಲ್ಲ.

ಹೆಜ್ಜೆ 8: ತಪಾಸಣೆ

ಔಷಧ ಶುರುವಾದ ಮೇಲೆ ಸೋಡಿಯಂ ಪೊಟ್ಯಾಸಿಯಂ ಅಂಕಿಗಳು ನೆಲೆಗೊಳ್ಳುವವರೆಗೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ಮೊದಲ ಒಂದೆರಡು ವರ್ಷಗಳಲ್ಲಿ ಫ್ಲೂಡ್ರೊಕಾರ್ಟಿಸೋನ್ ಪ್ರಮಾಣವನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕಾಗುವುದು ಸಾಮಾನ್ಯ. ನಾಯಿ ಚೆನ್ನಾಗಿದೆಯಲ್ಲ ಎಂದು ಪರೀಕ್ಷೆ ತಪ್ಪಿಸಿದರೆ ಪೊಟ್ಯಾಸಿಯಂ ಸದ್ದಿಲ್ಲದೆ ಏರುತ್ತದೆ.

ಹೆಜ್ಜೆ 9: ಒತ್ತಡದ ದಿನಗಳನ್ನು ಮುಂಚಿತವಾಗಿ ಗುರುತು ಮಾಡಿ

ಆರೋಗ್ಯವಂತ ನಾಯಿ ಭಯಪಟ್ಟಾಗ ಅದರ ಗ್ರಂಥಿ ಕಾರ್ಟಿಸೋಲ್ ಅನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ನಿಮ್ಮ ನಾಯಿಗೆ ಆ ಶಕ್ತಿಯಿಲ್ಲದ್ದರಿಂದ ಅದನ್ನು ನೀವು ಮಾಡಬೇಕು. ಸಾಮಾನ್ಯವಾಗಿ ವೈದ್ಯರು ಅಂಥ ದಿನಗಳಲ್ಲಿ ಪ್ರೆಡ್ನಿಸೋಲೋನ್ ಅನ್ನು ಎರಡು ಪಟ್ಟು, ಶಸ್ತ್ರಚಿಕಿತ್ಸೆಯಂಥ ದೊಡ್ಡ ಒತ್ತಡಕ್ಕೆ ಇನ್ನೂ ಹೆಚ್ಚು ಮಾಡಲು ಹೇಳುತ್ತಾರೆ. ಎಷ್ಟು, ಎಷ್ಟು ದಿನ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ದೀಪಾವಳಿಯ ಹಿಂದಿನ ದಿನದಿಂದ ಪಟಾಕಿ ನಿಲ್ಲುವ ದಿನದವರೆಗೆ, ಗಣೇಶ ವಿಸರ್ಜನೆಯ ಮೆರವಣಿಗೆಯ ದಿನ, ದುಗ್ಗಮ್ಮನ ಜಾತ್ರೆಯ ವರ್ಷದಲ್ಲಿ ಮನೆತುಂಬ ನೆಂಟರಿರುವ ದಿನಗಳಿಗೆಲ್ಲ ಕೆಂಪು ಗೆರೆ ಇರುತ್ತದೆ. ಚಿತ್ರದುರ್ಗದ ಗಣಪತಿ ಶೋಭಾಯಾತ್ರೆ ಹಾದುಹೋಗುವ ರಸ್ತೆಯ ಮನೆಗಳವರು ಆ ದಿನ ನಾಯಿಯನ್ನು ಹಿಂದಿನ ಕೋಣೆಗೆ ಸೇರಿಸಿ, ಮಾತ್ರೆಯನ್ನು ಬೆಳಿಗ್ಗೆಯೇ ಹೆಚ್ಚಿಸುವುದು ಒಳ್ಳೆಯದು. ಡೋಲು, ಡಿಜೆ ಶುರುವಾದ ಮೇಲೆ ಕೊಡುವ ಮಾತ್ರೆ ತಡವಾದ ಮಾತ್ರೆ.

ಬಿಸಿಲೂ ಒಂದು ಒತ್ತಡವೇ. ಏಪ್ರಿಲ್, ಮೇ ತಿಂಗಳ ನಮ್ಮ ಸೀಮೆಯ ಬಿಸಿಲಿನಲ್ಲಿ ನೀರು ಕಳೆದುಕೊಳ್ಳುವುದು ಇಂಥ ನಾಯಿಗೆ ಹೆಚ್ಚು ಅಪಾಯ. ವಾಕಿಂಗ್ ಅನ್ನು ಬೆಳಗಿನ ಜಾವಕ್ಕೆ ಸರಿಸಿ, ನೀರಿನ ಪಾತ್ರೆಯನ್ನು ಎರಡು ಕಡೆ ಇಡಿ. ವಾಂತಿ ಮಾಡಿಕೊಂಡು ಮಾತ್ರೆ ಹೊಟ್ಟೆಯಲ್ಲಿ ನಿಲ್ಲದ ದಿನ ಮನೆಮದ್ದಿಗೆ ಸಮಯವಿಲ್ಲ, ಇಂಜೆಕ್ಷನ್ ಮೂಲಕವೇ ಸ್ಟೆರಾಯ್ಡ್ ಹೋಗಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ, ಹಲ್ಲು ಕೀಳುವುದು, ಅರಿವಳಿಕೆ ಕೊಡುವ ಯಾವುದೇ ಕೆಲಸಕ್ಕೂ ಮೊದಲು ಈ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಎರಡು ಸಲ ಹೇಳಿ.

ಹೆಜ್ಜೆ 10: ಒಂದು ಚೀಟಿ

ನೀವು ಊರಲ್ಲಿಲ್ಲದ ದಿನ ನಾಯಿಯನ್ನು ನೋಡಿಕೊಳ್ಳುವವರಿಗೆ ಇಷ್ಟೆಲ್ಲ ವಿವರಿಸಲು ಆಗುವುದಿಲ್ಲ. ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ, ಗೌರಿಯ ಕೊರಳಪಟ್ಟಿಯ ಪುಟ್ಟ ಡಬ್ಬಿಯೊಳಗೂ ಮಡಿಸಿಟ್ಟಿರುವ ಚೀಟಿಯಲ್ಲಿ ಹೀಗೆ ಬರೆದಿದೆ: "ಹೆಸರು ಗೌರಿ. ಅಡಿಸನ್ ಕಾಯಿಲೆ ಇದೆ. ಬೆಳಿಗ್ಗೆ, ಸಂಜೆ ಮಾತ್ರೆ ಡಬ್ಬಿಯಲ್ಲಿದೆ, ಒಂದು ಹೊತ್ತೂ ತಪ್ಪಿಸಬೇಡಿ. ಊಟ ಬಿಟ್ಟರೆ, ವಾಂತಿ ಮಾಡಿದರೆ, ನಡುಗಿದರೆ ಬೆಳಗಾಗಲೆಂದು ಕಾಯಬೇಡಿ. ಎಳನೀರು, ಓಆರ್‌ಎಸ್ ಬೇಡ. ಡಾಕ್ಟರಿಗೆ: ನಾರ್ಮಲ್ ಸಲೈನ್, ಡೆಕ್ಸಾಮೆಥಾಸೋನ್ ಇಂಜೆಕ್ಷನ್, ಸೋಡಿಯಂ ಪೊಟ್ಯಾಸಿಯಂ ಪರೀಕ್ಷೆ." ಕೆಳಗೆ ವೈದ್ಯರ ಫೋನ್ ನಂಬರು, ನನ್ನ ನಂಬರು, ಕೊನೆಯ ತಪಾಸಣೆಯ ದಿನಾಂಕ ಮತ್ತು ಅಂದಿನ ಅಂಕಿಗಳು. ಪ್ರತಿ ತಪಾಸಣೆಯ ಸಂಜೆ ಹಳೆಯ ಚೀಟಿ ತೆಗೆದು ಹೊಸದನ್ನು ಅಂಟಿಸುತ್ತೇನೆ.